ಕರಡಿ ಬ್ರಯಂಟನ ಜಮಾ-ಖರ್ಚು

ಫುಟ್‌ಬಾಲ್ ಅಂದ ಕೂಡಲೇ ನಮಗೆ ನೆನಪಾಗುವುದು ಕಾಲಲ್ಲಿ ಒದೆಯುವ ಗುಂಡನೆಯ ಚೆಂಡು. ಅಮೆರಿಕದವರ ಫುಟ್‌ಬಾಲೇ ಬೇರೆ. ಅಲ್ಲಿ ಚೆಂಡಿನ ಎರಡೂ ತುದಿ ಚೂಪು. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದೊಂದು ಕಡೆಗೆ 11 ಜನ. ನಾಲ್ಕು ಸಲದೊಳಗೆ 10 ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವುವುದು ಎದುರಾಳಿಯ ಕೆಲಸ. ಅಲ್ಲಿಯ ದಕ್ಷಿಣದ ರಾಜ್ಯಗಳಲ್ಲಿ ಕಾಲೇಜು ತಂಡದ ಪಂದ್ಯ ಎಂದರೆ ನಮ್ಮೂರ ತೇರಿನ ಹಾಗೆ, ಊರಿಗೆ ಊರೇ ಸೇರುತ್ತದೆ.

ಇಂಥ ಒಂದು ತಂಡ ದಿವಾಳಿ ಎದ್ದು ಕೂತರೆ ಅದನ್ನು ಮತ್ತೆ ಕಟ್ಟುವುದು ಹೇಗೆ? ಒಂದಲ್ಲ, ನಾಲ್ಕು ಸಲ ಇದನ್ನು ಮಾಡಿ ತೋರಿಸಿದವನು ಪಾಲ್ ಬ್ರಯಂಟ್. ವಾಣಿಜ್ಯದ ವಿದ್ಯಾರ್ಥಿಯಾದ ನನಗೆ ಆತನ ಜೀವನ ಒಂದು ಖಾತೆ ಪುಸ್ತಕದ ಹಾಗೆ ಕಾಣುತ್ತದೆ. ಜಮಾ ಕಡೆ ಎಲ್ಲರಿಗೂ ಗೊತ್ತು. ಖರ್ಚಿನ ಕಡೆಯನ್ನೂ ತೆರೆದು ನೋಡಬೇಕು ಅಂತಲೇ ಈ ಲೇಖನ.

ಬ್ರಯಂಟ್ ಹುಟ್ಟಿದ್ದು 1913ರ ಸೆಪ್ಟೆಂಬರ್ 11ರಂದು, ಅರ್ಕಾನ್ಸಾ ರಾಜ್ಯದ ಮೊರೊ ಬಾಟಮ್ ಎಂಬ ಕುಗ್ರಾಮದಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು. ತಂದೆಗೆ ಸದಾ ಕಾಯಿಲೆ. ತಾಯಿಯ ಜೊತೆ ಹೇಸರಗತ್ತೆಯ ಗಾಡಿಯಲ್ಲಿ ಕೂತು ಪಕ್ಕದ ಫೋರ್ಡೈಸ್ ಪಟ್ಟಣಕ್ಕೆ ತರಕಾರಿ ಮಾರಲು ಹೋಗುತ್ತಿದ್ದ. ಬಡತನದ ಆ ನಾಚಿಕೆ ಆತನನ್ನು ಕೊನೆಯವರೆಗೂ ಬಿಡಲಿಲ್ಲ.

ಹದಿಮೂರರ ವಯಸ್ಸಿನಲ್ಲಿ ಫೋರ್ಡೈಸಿನ ಥಿಯೇಟರಿಗೆ ಒಂದು ಕರಡಿಯನ್ನು ತಂದರು. ಅದರ ಜೊತೆ ಕುಸ್ತಿ ಆಡಿದವರಿಗೆ ನಿಮಿಷಕ್ಕೊಂದು ಡಾಲರ್ ಕೊಡುತ್ತೇವೆ ಎಂದರು. ಹುಡುಗ ನುಗ್ಗಿಯೇ ಬಿಟ್ಟ. ನಡುವೆ ಕರಡಿಯ ಬಾಯಿಕುಕ್ಕೆ ಕಳಚಿ ಅದು ಆತನ ಕಿವಿ ಕಚ್ಚಿತು. ಆಮೇಲೆ ನೋಡಿದರೆ ದುಡ್ಡು ಕೊಡಬೇಕಾದವನೇ ಪರಾರಿ! ಬಂದದ್ದು ಹೆಸರೊಂದೇ. ಅಂದಿನಿಂದ ಆತ ಎಲ್ಲರಿಗೂ ಕರಡಿ ಬ್ರಯಂಟ್.

1931ರಲ್ಲಿ ಅಲಬಾಮ ವಿಶ್ವವಿದ್ಯಾಲಯ ಆಟಕ್ಕಾಗಿ ಆತನನ್ನು ಕರೆಯಿತು. ಹೈಸ್ಕೂಲಿನ ಪಾಠ ಇನ್ನೂ ಬಾಕಿ ಇತ್ತು. ಟಸ್ಕಲೂಸದ ಹೈಸ್ಕೂಲಿನಲ್ಲಿ ಅದನ್ನು ಮುಗಿಸುತ್ತಲೇ ಕಾಲೇಜು ತಂಡದ ಜೊತೆ ಅಭ್ಯಾಸ ಮಾಡಿದ. 1934ರಲ್ಲಿ ಅಲಬಾಮ ರಾಷ್ಟ್ರ ಚಾಂಪಿಯನ್ ಆದಾಗ ತಂಡದಲ್ಲಿ ಆತನೂ ಇದ್ದ. ಆದರೆ ಜನರ ಕಣ್ಣೆಲ್ಲ ಡಾನ್ ಹಟ್ಸನ್ ಮೇಲೆ. 1935ರಲ್ಲಿ ಟೆನೆಸಿ ವಿರುದ್ಧ ಮುರಿದ ಕಾಲಿನ ಮೂಳೆಯಲ್ಲೇ ಆಡಿದ. ನಾನು ತಡೆದೆನಲ್ಲ, ನೀವ್ಯಾಕೆ ತಡೆಯಬಾರದು? ಈ ಪ್ರಶ್ನೆಯನ್ನು ಆತ ಮುಂದೆ ತನ್ನ ಹುಡುಗರಿಗೆ ಬಾಯಿಬಿಟ್ಟು ಕೇಳಿದನೋ ಇಲ್ಲವೋ, ತರಬೇತಿಯ ರೀತಿಯಲ್ಲಂತೂ ಅದು ಎದ್ದು ಕಾಣುತ್ತಿತ್ತು.

ಯುದ್ಧಕಾಲದಲ್ಲಿ ನೌಕಾಪಡೆಯಲ್ಲಿದ್ದು ಬಂದು, 1945ರಲ್ಲಿ ಮೇರಿಲ್ಯಾಂಡಿನಲ್ಲಿ ಮೊದಲ ಸಲ ಮುಖ್ಯ ತರಬೇತುದಾರನಾದ. ಒಂದೇ ವರ್ಷಕ್ಕೆ ಅಲ್ಲಿಂದ ಕೆಂಟಕಿಗೆ ಹೋದ. ಕೆಂಟಕಿ ಅದರ ಹಿಂದಿನ ಸಾಲಿನಲ್ಲಿ 2 ಗೆದ್ದು 8 ಸೋತಿತ್ತು. ಆತ ಹೋದ ವರ್ಷವೇ 7 ಗೆದ್ದು 3 ಸೋತಿತು. 1951ರ ಹೊಸ ವರ್ಷದ ದಿನ, ಸತತ 31 ಪಂದ್ಯ ಗೆದ್ದು ಬೀಗುತ್ತಿದ್ದ ಓಕ್ಲಹೋಮವನ್ನು 13-7ರಲ್ಲಿ ಮಣ್ಣು ಮುಕ್ಕಿಸಿತು.

ಇಲ್ಲಿಯವರೆಗೆ ಸರಿ. 1954ರಲ್ಲಿ ಬ್ರಯಂಟ್ ಟೆಕ್ಸಸ್ ಎ ಅಂಡ್ ಎಂ ಕಾಲೇಜಿಗೆ ಬಂದ. ಖರ್ಚಿನ ಪುಟ ಶುರುವಾಗುವುದು ಇಲ್ಲಿಂದ. ಆ ಸೆಪ್ಟೆಂಬರಿನಲ್ಲಿ ತಂಡವನ್ನು ಎರಡು ಬಸ್ಸಿನಲ್ಲಿ ತುಂಬಿಕೊಂಡು ಜಂಕ್ಷನ್ ಎಂಬ ಬರಗಾಲದ ಊರಿಗೆ ಕರಕೊಂಡು ಹೋದ. ಹತ್ತು ದಿನದ ಶಿಬಿರ. ನೆಲವೆಲ್ಲ ಕಲ್ಲು ಮುಳ್ಳು, ಬಿಸಿಲು 38 ಡಿಗ್ರಿ ದಾಟುತ್ತಿತ್ತು. ಅಭ್ಯಾಸದ ನಡುವೆ ಕುಡಿಯಲು ನೀರಿಲ್ಲ! ನೀರು ಕುಡಿಯುವವನು ಹೇಡಿ ಅಂತ ಆ ಕಾಲದ ಬಹಳ ತರಬೇತುದಾರರು ನಂಬಿದ್ದರು. ಒಬ್ಬ ಹುಡುಗ ಬಿಸಿಲಿನ ಹೊಡೆತಕ್ಕೆ ಕುಸಿದುಬಿದ್ದು ಸಾವಿನ ಬಾಗಿಲು ತಟ್ಟಿ ಬಂದ. ರಾತ್ರೋರಾತ್ರಿ ಹುಡುಗರು ಪೆಟ್ಟಿಗೆ ಕಟ್ಟಿಕೊಂಡು ಓಡಿಹೋದರು. ವಾಪಸ್ ಬರುವಾಗ ಒಂದು ಬಸ್ಸು ಸಾಕಾಯಿತು. ಉಳಿದವರು 35ರ ಆಸುಪಾಸು.

ಫಲ ಏನು ಅಂತೀರಿ? ಆ ವರ್ಷ 1 ಗೆಲುವು, 9 ಸೋಲು. ಆತನ ಜೀವನದಲ್ಲಿ ಗೆಲುವಿಗಿಂತ ಸೋಲು ಹೆಚ್ಚಾದ ವರ್ಷ ಅದೊಂದೇ. ಎರಡು ವರ್ಷದ ಮೇಲೆ, 1956ರಲ್ಲಿ, ಅದೇ ತಂಡ ಒಂದೂ ಸೋಲದೆ ತನ್ನ ವಲಯದ ಚಾಂಪಿಯನ್ ಆಯಿತು. ಆದರೆ ನಿಯಮ ಮೀರಿ ಆಟಗಾರರನ್ನು ಸೆಳೆದದ್ದಕ್ಕೆ ಕಾಲೇಜಿಗೆ ಶಿಕ್ಷೆಯಾಗಿದ್ದರಿಂದ ವರ್ಷದ ಕೊನೆಯ ದೊಡ್ಡ ಪಂದ್ಯಕ್ಕೆ ಪ್ರವೇಶ ಸಿಗಲಿಲ್ಲ. ಜನ ಇವತ್ತಿಗೂ ಜಂಕ್ಷನ್ ಶಿಬಿರವನ್ನು ಪವಾಡದ ಕಥೆಯ ಹಾಗೆ ಹೇಳುತ್ತಾರೆ. ನನಗೇನೋ ಓಡಿಹೋದ ಹುಡುಗರ ನೆನಪೇ ಹೆಚ್ಚು ಕಾಡುತ್ತದೆ. ಅವರೆಲ್ಲ ಕೈಲಾಗದವರೇ? ಬಾಯಾರಿದವನು ನೀರು ಕೇಳುವುದು ತಪ್ಪೇ?

ಅಷ್ಟರಲ್ಲಿ ತಾನು ಓದಿದ ಅಲಬಾಮದಿಂದ ಕರೆ ಬಂತು. ಆ ತಂಡ 1955ರಲ್ಲಿ ಆಡಿದ ಹತ್ತನ್ನೂ ಸೋತಿತ್ತು. ಮೂರು ವರ್ಷದಲ್ಲಿ ಒಟ್ಟು 4 ಗೆಲುವು, 24 ಸೋಲು, 2 ಸಮ. ತಾಯಿ ಕರೆದಳು ಎಂಬಂತೆ ಬ್ರಯಂಟ್ ಹೊರಟುಬಂದ. 1958ರಲ್ಲಿ ಕಾಲೇಜಿಗೆ ಆಗತಾನೆ ಸೇರಿದ ಹುಡುಗರನ್ನು ಕೂರಿಸಿಕೊಂಡು, ನಾನು ಹೇಳಿದ ಹಾಗೆ ನಡೆದರೆ ನೀವು ಓದು ಮುಗಿಸುವ ಹೊತ್ತಿಗೆ ರಾಷ್ಟ್ರ ಚಾಂಪಿಯನ್ ಆಗುತ್ತೀರಿ ಎಂದು ಭರವಸೆ ಕೊಟ್ಟನಂತೆ. ದಡಿಯರನ್ನು ಹುಡುಕಲಿಲ್ಲ, ಚುರುಕಿನವರನ್ನು ಆರಿಸಿದ. ಮೊದಲು ರಕ್ಷಣೆಯನ್ನು ಗಟ್ಟಿ ಮಾಡಿದ. ಎದುರಾಳಿಗೆ ಅಂಕ ಕೊಡದಿದ್ದರೆ ನಮಗೆ ಸ್ವಲ್ಪ ಸಿಕ್ಕರೂ ಸಾಕಲ್ಲ! ಸೋತರೆ ತಪ್ಪು ತನ್ನದು, ಗೆದ್ದರೆ ಹೆಸರು ಹುಡುಗರದು ಎಂಬುದನ್ನು ನಿಯಮ ಮಾಡಿಕೊಂಡ.

ಮೊದಲ ವರ್ಷ 5 ಗೆಲುವು, ಎರಡನೆಯದರಲ್ಲಿ 7, ಮೂರನೆಯದರಲ್ಲಿ 8. ನಾಲ್ಕನೆಯ ವರ್ಷ, 1961ರಲ್ಲಿ, ಆಡಿದ 11ನ್ನೂ ಗೆದ್ದರು. ಎದುರಾಳಿಗಳೆಲ್ಲ ಸೇರಿ ಇಡೀ ವರ್ಷದಲ್ಲಿ ಗಳಿಸಿದ್ದು ಬರೀ 25 ಅಂಕ. ಮುಂದೆ ನಿಂತು ಆಡಿಸಿದವನು 1958ರ ಆ ಹೊಸಬರಲ್ಲೊಬ್ಬನಾದ ಪ್ಯಾಟ್ ಟ್ರ್ಯಾಮೆಲ್. ಆಮೇಲೆ ಡಾಕ್ಟರಾದ ಈತ 1968ರಲ್ಲಿ, 28ನೇ ವಯಸ್ಸಿಗೇ, ಕ್ಯಾನ್ಸರಿನಿಂದ ತೀರಿಕೊಂಡ. 1964, 1965ರಲ್ಲೂ ಅಲಬಾಮಕ್ಕೆ ಚಾಂಪಿಯನ್ ಪಟ್ಟ ಬಂತು.

ಆದರೆ ಈ ಗೆದ್ದ ತಂಡಗಳಲ್ಲಿ ಕಪ್ಪು ಜನಾಂಗದ ಹುಡುಗ ಒಬ್ಬನೂ ಇರಲಿಲ್ಲ. 1963ರಲ್ಲಿ ಕಪ್ಪು ವಿದ್ಯಾರ್ಥಿಗಳು ಸೇರಲು ಬಂದಾಗ ರಾಜ್ಯದ ಗವರ್ನರ್ ವ್ಯಾಲೆಸ್ ಖುದ್ದಾಗಿ ಬಾಗಿಲಿಗೆ ಅಡ್ಡ ನಿಂತದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಬ್ರಯಂಟ್ ಅಷ್ಟು ಹೊತ್ತಿಗೆ ರಾಜ್ಯದಲ್ಲೇ ಬಹು ದೊಡ್ಡ ಹೆಸರು. ಆದರೂ ಕಪ್ಪು ಆಟಗಾರರನ್ನು ತರಲು ಇನ್ನೂ ಏಳು ವರ್ಷ ಕಾದ. 1969ರಲ್ಲಿ ಕಪ್ಪು ವಿದ್ಯಾರ್ಥಿಗಳ ಸಂಘ ಇದರ ವಿರುದ್ಧ ಕೋರ್ಟಿಗೂ ಹೋಯಿತು.

ಅಷ್ಟರಲ್ಲಿ ತಂಡವೂ ಇಳಿಮುಖವಾಗಿತ್ತು. 1969ರಲ್ಲಿ 6 ಗೆಲುವು, 5 ಸೋಲು. 1970ರ ಸೆಪ್ಟೆಂಬರ್ 12ರಂದು ಸದರ್ನ್ ಕ್ಯಾಲಿಫೋರ್ನಿಯ ತಂಡ ಬರ್ಮಿಂಗ್‌ಹ್ಯಾಮಿಗೇ ಬಂದು 42-21ರಲ್ಲಿ ಬಡಿಯಿತು. ಸ್ಯಾಮ್ ಕನ್ನಿಂಗ್‌ಹ್ಯಾಮ್ ಎಂಬ ಕಪ್ಪು ಆಟಗಾರ ಒಬ್ಬನೇ ಚೆಂಡು ಹಿಡಿದು 135 ಗಜ ಓಡಿದ. ಆ ಸೋಲೇ ಬ್ರಯಂಟನ ಕಣ್ಣು ತೆರೆಸಿತು ಎಂಬ ಕಥೆ ಇದೆ. ನಿಜ ಸ್ವಲ್ಪ ಬೇರೆ. ವಿಲ್ಬರ್ ಜಾಕ್ಸನ್ ಎಂಬ ಕಪ್ಪು ಹುಡುಗನನ್ನು ಆತ ಆಗಲೇ ಸೇರಿಸಿಕೊಂಡಿದ್ದ. ಮೊದಲ ವರ್ಷದವರು ಆಡುವಂತಿಲ್ಲದ್ದರಿಂದ ಜಾಕ್ಸನ್ ಅಂದು ಪ್ರೇಕ್ಷಕರ ನಡುವೆ ಕೂತಿದ್ದ. ಆ ಸೋಲು ಬದಲಾಯಿಸಿದ್ದು ಬಹುಶಃ ನೋಡುತ್ತಿದ್ದ ಜನರನ್ನು.

ಆಗ ಬ್ರಯಂಟನಿಗೆ 57. ಮೂರು ರಾಷ್ಟ್ರ ಪಟ್ಟ ಗೆದ್ದವನು ಹಳೆಯ ಗರ್ವದಲ್ಲೇ ಇದ್ದು ನಿವೃತ್ತನಾಗಬಹುದಿತ್ತು. ಬದಲಿಗೆ ಟೆಕ್ಸಸ್ ವಿಶ್ವವಿದ್ಯಾಲಯದ ತರಬೇತುದಾರ ಡ್ಯಾರೆಲ್ ರಾಯಲ್ ಹತ್ತಿರ ಹೋಗಿ, ವಯಸ್ಸಿನಲ್ಲಿ ತನಗಿಂತ ಕಿರಿಯನಿಂದ ಹೊಸ ಆಟ ಕಲಿತು ಬಂದ. 1971ರ ಬೇಸಿಗೆಯಲ್ಲಿ ಅದನ್ನು ಗುಟ್ಟಾಗಿ ಹುಡುಗರಿಗೆ ಕಲಿಸಿದ. ಪತ್ರಕರ್ತರು ಬಂದರೆ ಹಳೆಯ ಆಟ ಆಡಿ ತೋರಿಸುತ್ತಿದ್ದರು! ಆ ಸೆಪ್ಟೆಂಬರ್ 10ರಂದು ಲಾಸ್ ಏಂಜಲಿಸಿನಲ್ಲಿ ಅದೇ ಸದರ್ನ್ ಕ್ಯಾಲಿಫೋರ್ನಿಯವನ್ನು 17-10ರಲ್ಲಿ ಸೋಲಿಸಿದರು. ಅಂದು ಆಡಿದ ಜಾನ್ ಮಿಚೆಲ್, ಅಲಬಾಮದ ಪರವಾಗಿ ಕಣಕ್ಕಿಳಿದ ಮೊದಲ ಕಪ್ಪು ಆಟಗಾರ. 1972ರಲ್ಲಿ ಆತ ನಾಯಕರಲ್ಲೊಬ್ಬನಾದ, 1973ರಲ್ಲಿ ಸಹಾಯಕ ತರಬೇತುದಾರನೂ ಆದ. ಅದೇ ವರ್ಷ ಜಾಕ್ಸನ್ ನಾಯಕರಲ್ಲೊಬ್ಬ. 1973, 1978, 1979ರಲ್ಲಿ ಮತ್ತೆ ಮೂರು ರಾಷ್ಟ್ರ ಪಟ್ಟ.

ಬ್ರಯಂಟ್ ಮುದುಕನಾದ ಹಾಗೆ ಮೆತ್ತಗೂ ಆದ. ಜಂಕ್ಷನ್ನಿನಲ್ಲಿ ತಾನು ಮಾಡಿದ್ದು ಅತಿಯಾಯಿತು ಅಂತ ಒಪ್ಪಿಕೊಂಡ. 1979ರಲ್ಲಿ ಅಲ್ಲಿ ಉಳಿದ ಹುಡುಗರು ಮತ್ತೆ ಸೇರಿದಾಗ ಆತನಿಗೊಂದು ಉಂಗುರ ಕೊಟ್ಟರು. ಚಾಂಪಿಯನ್ ಪಟ್ಟದ ಉಂಗುರಗಳೆಲ್ಲ ಇದ್ದರೂ ಆತ ಹಾಕಿಕೊಂಡದ್ದು ಅದನ್ನು.

1982ರ ಡಿಸೆಂಬರ್ 29ರಂದು ಕೊನೆಯ ಪಂದ್ಯ ಆಡಿಸಿದ. ಒಟ್ಟು 323 ಗೆಲುವು. ಅದಾಗಿ 28 ದಿನಕ್ಕೆ, 1983ರ ಜನವರಿ 26ರಂದು, ಇಲ್ಲಿ ನಾವು ಗಣರಾಜ್ಯೋತ್ಸವ ಆಚರಿಸಿದ ದಿನವೇ, ಹೃದಯಾಘಾತದಿಂದ ತೀರಿಕೊಂಡ. ಟಸ್ಕಲೂಸದಿಂದ ಬರ್ಮಿಂಗ್‌ಹ್ಯಾಮಿನ ಸ್ಮಶಾನದವರೆಗೆ ಹೆದ್ದಾರಿಯ ಬದಿಯಲ್ಲೆಲ್ಲ ಜನ ನಿಂತಿದ್ದರು. ಆಮೇಲೆ ಅಲಬಾಮ ಮತ್ತೆ ರಾಷ್ಟ್ರ ಚಾಂಪಿಯನ್ ಆದದ್ದು 1992ರಲ್ಲಿ. ತರಬೇತುದಾರ ಜೀನ್ ಸ್ಟಾಲಿಂಗ್ಸ್, ಜಂಕ್ಷನ್ನಿನಿಂದ ಆ ಒಂದೇ ಬಸ್ಸಿನಲ್ಲಿ ವಾಪಸ್ ಬಂದವರಲ್ಲಿ ಒಬ್ಬ.

ಈಗ ಲೆಕ್ಕ ಮುಗಿಸೋಣ. ಸೋತ ತಂಡ ಕಟ್ಟುವುದೆಂದರೆ ಹುಡುಗರನ್ನು ಹಿಂಡಿ ಹಿಪ್ಪೆ ಮಾಡುವುದು ಅಂತ ಜಂಕ್ಷನ್ನಿನಲ್ಲಿ ಬ್ರಯಂಟ್ ನಂಬಿದ್ದ. ಅಲಬಾಮದಲ್ಲಿ ಮೊದಲು ತಾಳ್ಮೆ ಕಲಿತ. 1970ರ ಹೊತ್ತಿಗೆ ಬದಲಾಗಬೇಕಾದವನು ತಾನು ಅಂತ ತಿಳಿದುಕೊಂಡ. ಹಾಗೆ ತಿಳಿಯುವ ಹೊತ್ತಿಗೆ ಎಷ್ಟೋ ಕಪ್ಪು ಹುಡುಗರ ಆಟದ ವಯಸ್ಸೇ ದಾಟಿಹೋಗಿತ್ತು. ಆ ಬಾಕಿ 323 ಗೆಲುವಿನಿಂದಲೂ ತೀರುವುದಿಲ್ಲ. ಆದರೂ ಆ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದನಲ್ಲ, ಆತನ ಖಾತೆಯಲ್ಲಿ ದೊಡ್ಡ ಜಮಾ ಅದೇ ಅಂತ ನನಗನ್ನಿಸುತ್ತದೆ.