ಗಜಶಾಲೆಯ ಬಾಲಕ ಸಾಬು

ಮೈಸೂರು ಸಂಸ್ಥಾನದ ಹೆಗ್ಗಡದೇವನಕೋಟೆ ಸೀಮೆಯಲ್ಲಿ, ಕಬಿನಿ ನದಿಯ ದಡದ ದಟ್ಟವಾದ ಕಾಡುಗಳ ನಡುವೆ ಕಾರಾಪುರವೆಂಬ ಊರು. ಕಾಡಾನೆಗಳನ್ನು ಹಿಡಿಯುವ ಖೆಡ್ಡಾದಿಂದ ಹೆಸರಾಗಿದ್ದ ಈ ಸ್ಥಳದಲ್ಲಿ 1924ನೆಯ ಇಸವಿ ಜನವರಿ 27ರಂದು ಮಾವುತನೊಬ್ಬನ ಮಗನಾಗಿ ಸಾಬು ಜನಿಸಿದನು. ತಂದೆಯು ಮಹಾರಾಜರ ಆನೆಗಳನ್ನು ನೋಡಿಕೊಳ್ಳುತ್ತಿದ್ದನು. ತಾಯಿ ಮಗುವಿನ ಎಳವೆಯಲ್ಲಿಯೇ ತೀರಿಕೊಂಡಳು. ಕೆಲವು ವರ್ಷಗಳಲ್ಲಿ ತಂದೆಯೂ ಗತಿಸಿದನು. ತಬ್ಬಲಿಯಾದ ಬಾಲಕನಿಗೆ ಅರಮನೆಯ ಗಜಶಾಲೆಯೇ ಆಶ್ರಯವಾಯಿತು.

ಹಿಮಪ್ರದೇಶದ ಎಸ್ಕಿಮೋ ಜನರ ಬಾಳನ್ನು ಚಿತ್ರಿಸಿ ಖ್ಯಾತನಾಗಿದ್ದ ರಾಬರ್ಟ್ ಫ್ಲಾಹರ್ಟಿಯು ಆ ದಿನಗಳಲ್ಲಿ ಮೈಸೂರಿಗೆ ಬಂದನು. ಕಿಪ್ಲಿಂಗನು ಬರೆದ ಆನೆಯ ಕಥೆಯೊಂದನ್ನು ಚಿತ್ರವಾಗಿಸಲು ಆತನಿಗೆ ಒಬ್ಬ ಹುಡುಗ ಬೇಕಾಗಿದ್ದನು. ಛಾಯಾಗ್ರಾಹಕ ಬೊರಡೇಲನ ಕಣ್ಣಿಗೆ ಗಜಶಾಲೆಯಲ್ಲಿ ಬಿದ್ದವನು ಸಾಬು. ಈ ಹುಡುಗನಿಗೆ ನಟನೆಯ ಶಿಕ್ಷಣವೆಲ್ಲಿಯದು? ಆನೆಯನ್ನು ಕೂರಿಸುವುದು, ಏಳಿಸುವುದು, ಸೊಂಡಿಲು ಹಿಡಿದು ಮೇಲೇರುವುದು ಇವೆಲ್ಲವೂ ಅವನ ಮನೆಯ ವಿದ್ಯೆ. ಅದನ್ನೇ ಅವನು ಕ್ಯಾಮರಾದ ಮುಂದೆ ಮಾಡಿದನು. 1937ರಲ್ಲಿ ಹೊರಬಂದ ‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಬಹುಮಾನ ದೊರೆಯಿತು. ಹದಿಮೂರರ ಬಾಲಕನ ಹೆಸರು ದೇಶದೇಶಗಳಲ್ಲಿ ಹಬ್ಬಿತು.

ನಿರ್ಮಾಪಕ ಅಲೆಗ್ಸಾಂಡರ್ ಕೊರ್ಡಾನ ಆಸರೆಯಲ್ಲಿ ಅಣ್ಣನೊಡನೆ ಸಾಬು ಇಂಗ್ಲೆಂಡಿನಲ್ಲಿ ನೆಲೆಸಿದನು. ಅಲ್ಲಿ ತಯಾರಾದ ‘ದಿ ಡ್ರಮ್’ ಚಿತ್ರವು ಬ್ರಿಟಿಷರ ಆಳ್ವಿಕೆಯನ್ನು ಹೊಗಳಿದ್ದರಿಂದ 1938ರಲ್ಲಿ ಮುಂಬಯಿಯ ಜನರು ಅದರ ವಿರುದ್ಧ ಸಿಡಿದೆದ್ದರು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಕಥೆಯನ್ನು ಆರಿಸಿದವನು ಹುಡುಗನಲ್ಲ. 1940ರ ‘ಬಾಗ್ದಾದಿನ ಕಳ್ಳ’ ಚಿತ್ರೀಕರಣದ ನಡುವೆ ಮಹಾಯುದ್ಧವು ಆರಂಭವಾಗಿ, ಉಳಿದ ಕೆಲಸವನ್ನು ಅಮೆರಿಕದಲ್ಲಿ ಮುಗಿಸಬೇಕಾಯಿತು. ಮೂರು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿದ ಆ ಚಿತ್ರದ ಬಳಿಕ 1942ರಲ್ಲಿ ‘ಜಂಗಲ್ ಬುಕ್’ನ ಮೌಗ್ಲಿಯಾದನು.

1944ರಲ್ಲಿ ಅಮೆರಿಕದ ಪ್ರಜೆಯಾದ ಸಾಬು ಅಲ್ಲಿನ ವಾಯುಸೇನೆಯಲ್ಲಿ ದುಡಿದನು. ಆನೆಯ ಕತ್ತಿನ ಮೇಲೆ ಕುಳಿತು ಬೆಳೆದವನು ಪೆಸಿಫಿಕ್ ಸಾಗರದ ಮೇಲೆ ಹಾರುವ ಬಾಂಬು ವಿಮಾನದ ಬಂದೂಕಿನ ಗೂಡಿನಲ್ಲಿ ಕುಳಿತನು. ಶೌರ್ಯಕ್ಕಾಗಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕವೂ ದೊರೆಯಿತು. ನಾಲ್ಕಾರು ಚಿತ್ರಗಳ ಕೀರ್ತಿಗಿಂತ ಇದು ಕಡಮೆಯದೆಂದು ನನಗೆ ತೋರುವುದಿಲ್ಲ.

ಯುದ್ಧದಿಂದ ಮರಳಿದವನಿಗೆ ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸು. ಜನರಿಗೆ ಬೇಕಾಗಿದ್ದುದು ಕಾಡಿನ ಹುಡುಗ. ಬೆಳೆದ ಗಂಡಸಿಗೆ ಅಲ್ಲಿ ಪಾತ್ರಗಳಿರಲಿಲ್ಲ. 1947ರ ‘ಬ್ಲಾಕ್ ನಾರ್ಸಿಸಸ್’ ಚಿತ್ರದಲ್ಲಿ ರಾಜಕುಮಾರನ ವೇಷವೊಂದು ದೊರೆತರೂ ಮುಂದೆ ಬಹುತೇಕ ಅದೇ ಕಾಡು, ಅದೇ ಹುಲಿ. 1948ರಲ್ಲಿ ನಟಿ ಮೆರಿಲಿನ್ ಕೂಪರಳನ್ನು ವರಿಸಿ ಇಬ್ಬರು ಮಕ್ಕಳ ತಂದೆಯಾದನು. 1952ರಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳನ್ನು ಆಡಿಸಿದನು. ತಂದೆಯ ಕಸುಬು ಹೀಗೆ ಮತ್ತೆ ಅನ್ನ ನೀಡಿತು.

ತಾಯ್ನಾಡು ಅವನನ್ನು ಕರೆಯದೆ ಇರಲಿಲ್ಲ. ಗುಜರಾತಿನ ಬಡೋದೆ ಸಂಸ್ಥಾನದಲ್ಲಿ ಹುಟ್ಟಿದ ನಿರ್ದೇಶಕ ಮೆಹಬೂಬ್ ಖಾನರು ತಮ್ಮ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಸಾಬುವನ್ನೇ ಬಯಸಿದ್ದರು. ಆದರೆ ಅಮೆರಿಕದ ಪ್ರಜೆಯಾಗಿದ್ದ ಅವನಿಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಆ ಪಾತ್ರವು ಸುನೀಲ್ ದತ್ತರ ಪಾಲಾಯಿತು. ಜಗತ್ತಿಗೆ ಭಾರತದ ಬಾಲಕನೆಂದೇ ಪರಿಚಿತನಾಗಿದ್ದ ಸಾಬು ಒಂದೂ ಭಾರತೀಯ ಚಿತ್ರದಲ್ಲಿ ಅಭಿನಯಿಸಲಿಲ್ಲ.

1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ಸಾಬು ಮಡಿದನು. ಆಗ ಅವನಿಗೆ ಮೂವತ್ತೊಂಬತ್ತು ವರ್ಷ. ಸರ್ಕಸ್ಸಿನಿಂದ ತಪ್ಪಿಸಿಕೊಂಡ ಹುಲಿಯೊಂದರ ಕಥೆಯುಳ್ಳ ಅವನ ಕೊನೆಯ ಚಿತ್ರ ‘ಎ ಟೈಗರ್ ವಾಕ್ಸ್’ ತೆರೆ ಕಂಡದ್ದು ಮರುವರ್ಷ, 1964ರಲ್ಲಿ.