ಒಂದು ಸೀಟ್ ಪೋಸ್ಟ್, ಮತ್ತು ಜೋಸೆಫ್ ವಿಟ್‌ವರ್ತ್

ನಮ್ಮ ಹಾಸ್ಟೆಲ್ ಶೆಡ್‌ನಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಒಂದು ಹಳೇ ತ್ರೀ-ಸ್ಪೀಡ್ ಸೈಕಲ್ ಇದೆ. ಯಾವುದೋ ಬ್ಯಾಚ್‌ನ ಸೀನಿಯರ್ಸ್ ಬಿಟ್ಟು ಹೋದದ್ದು. ಅದನ್ನು ಹತ್ತಿ ಮೇನ್ ಗೇಟ್ ತಲುಪುವಷ್ಟರಲ್ಲಿ ಸೀಟು ಎರಡು ಇಂಚು ಕೆಳಗೆ ಇಳಿದಿರುತ್ತಿತ್ತು. ಬಿಚ್ಚಿ ನೋಡಿದ್ರೆ, ಯಾರೋ ಸಣ್ಣ ಸೈಜಿನ ಸೀಟ್ ಪೋಸ್ಟ್‌ಗೆ ಟಿನ್ ತಗಡು ಸುತ್ತಿ ಕೂರಿಸಿದ್ರು. ಕ್ಲ್ಯಾಂಪ್ ಬೋಲ್ಟ್ ಇನ್ನೂ ಬಿಗಿ ಮಾಡಿದ್ರೆ ಫ್ರೇಮ್ ಸೀಳೋ ಹಾಗಿತ್ತು. ಸರಿಯಾದ ಸೈಜ್ ಹುಡುಕಲು ಹೊರಟಾಗ ನಮಗೆ ಸಿಕ್ಕವರೇ ಜೋಸೆಫ್ ವಿಟ್‌ವರ್ತ್. ಲ್ಯಾಬ್ ರೆಕಾರ್ಡ್‌ನಲ್ಲಿ ಬಿ.ಎಸ್.ಡಬ್ಲ್ಯೂ. ಥ್ರೆಡ್ ಅಂತ ಬರೀತೀವಲ್ಲ, ಆ ಡಬ್ಲ್ಯೂ ಇವರೇ.

ವಿಟ್‌ವರ್ತ್ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ. ಹದಿನಾಲ್ಕನೇ ವಯಸ್ಸಿಗೇ ಮನೆಯವರು ಅವರನ್ನು ಹತ್ತಿ ಗಿರಣಿ ನಡೆಸುತ್ತಿದ್ದ ಸಂಬಂಧಿಕರ ಹತ್ತಿರ ಕೆಲಸ ಕಲಿಯಲು ಕಳಿಸಿದರು. ಗಿರಣಿ ವ್ಯವಹಾರಕ್ಕಿಂತ ಅಲ್ಲಿದ್ದ ಮಷೀನುಗಳೇ ಹುಡುಗನಿಗೆ ಇಷ್ಟವಾದವು. ಕೆಲವು ವರ್ಷಗಳಲ್ಲಿ ಅದನ್ನು ಬಿಟ್ಟು ಮ್ಯಾಂಚೆಸ್ಟರ್‌ಗೆ ಹೋಗಿ ಸಾಮಾನ್ಯ ಮೆಕ್ಯಾನಿಕ್ ಆದರು. 1825ರಲ್ಲಿ ಲಂಡನ್‌ಗೆ ಬಂದು ಹೆನ್ರಿ ಮಾಡ್ಸ್‌ಲೇ ಅವರ ವರ್ಕ್‌ಶಾಪ್ ಸೇರಿದರು. ಆಮೇಲೆ ಜೋಸೆಫ್ ಕ್ಲೆಮೆಂಟ್ ಹತ್ತಿರ ಕೆಲಸ ಮಾಡಿದರು. ಚಾರ್ಲ್ಸ್ ಬ್ಯಾಬೇಜ್ ಅವರ ಲೆಕ್ಕದ ಮಷೀನಿನ ಭಾಗಗಳು ತಯಾರಾಗುತ್ತಿದ್ದುದು ಅಲ್ಲೇ. 1833ರಲ್ಲಿ ಮ್ಯಾಂಚೆಸ್ಟರ್‌ಗೆ ಮರಳಿ ಸ್ವಂತ ವರ್ಕ್‌ಶಾಪ್ ತೆರೆದರು.

ಆಗಿನ ಕಾಲದಲ್ಲಿ ಒಂದೊಂದು ಕಾರ್ಖಾನೆಯ ಬೋಲ್ಟ್ ಒಂದೊಂದು ಥರ. ನಟ್ಟು ಕಳೆದು ಹೋದ್ರೆ ಬೇರೆ ಕಡೆಯದು ಕೂರುತ್ತಿರಲಿಲ್ಲ. ವಿಟ್‌ವರ್ತ್ ತಮ್ಮ ಥ್ರೆಡ್ಡೇ ಶ್ರೇಷ್ಠ ಅಂತ ಜಗಳಕ್ಕೆ ಹೋಗಲಿಲ್ಲ. ಬೇರೆ ಬೇರೆ ವರ್ಕ್‌ಶಾಪ್‌ಗಳ ಬೋಲ್ಟ್‌ಗಳನ್ನು ಸಂಗ್ರಹಿಸಿ, ಅಳತೆ ಮಾಡಿ, ಸರಾಸರಿ ತೆಗೆದರು. 1841ರಲ್ಲಿ 55 ಡಿಗ್ರಿ ಕೋನದ ಒಂದೇ ಪದ್ಧತಿಯನ್ನು ಎಂಜಿನಿಯರ್‌ಗಳ ಮುಂದೆ ಇಟ್ಟರು. ನಿಧಾನವಾಗಿ ರೈಲ್ವೆಗಳೂ ಕಾರ್ಖಾನೆಗಳೂ ಒಪ್ಪಿಕೊಂಡವು.

ನಮ್ಮ ಸೈಕಲ್‌ಗೆ ನಿಜವಾಗಿ ಉಪಯೋಗ ಆಗಿದ್ದು ಅವರ ಇನ್ನೊಂದು ಐಡಿಯಾ. ಸ್ಕೇಲಿನ ಗೆರೆಯನ್ನು ಕಣ್ಣಲ್ಲಿ ನೋಡೋದಕ್ಕಿಂತ ಕೈಗೆ ಸಿಗುವ ಸ್ಪರ್ಶವೇ ಹೆಚ್ಚು ನಿಖರ ಅಂತ ಅವರು ನಂಬಿದ್ದರು. ಒಂದು ಉಕ್ಕಿನ ಉಂಗುರ, ಅದಕ್ಕೆ ಎರಡು ಪ್ಲಗ್. ಪ್ಲಗ್‌ಗಳ ನಡುವೆ ವ್ಯತ್ಯಾಸ ಇಂಚಿನ ಹತ್ತು ಸಾವಿರದ ಒಂದು ಭಾಗ ಮಾತ್ರ. ಆದರೂ ಒಂದು ಬಿಗಿಯಾಗಿ ಕೂರುತ್ತಿತ್ತು, ಇನ್ನೊಂದು ಸಡಿಲ ಅಂತ ಕೈಗೆ ಗೊತ್ತಾಗುತ್ತಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅವರು ಇಂಚಿನ ಹತ್ತು ಲಕ್ಷದ ಒಂದು ಭಾಗವನ್ನು ಗುರುತಿಸುವ ಮಷೀನ್ ಇಟ್ಟರು. ಅದರ ಮುಂದೆ ನಮ್ಮ ಸಮಸ್ಯೆ ಏನೂ ಅಲ್ಲ. ಸೀಟ್ ಪೋಸ್ಟ್ ಸೈಜುಗಳು ಸಾಮಾನ್ಯವಾಗಿ 0.2 ಮಿ.ಮೀ. ಅಂತರದಲ್ಲಿ ಬರುತ್ತವೆ.

ನಾವು ಮಾಡಿದ ತಪ್ಪು ಅಂದ್ರೆ, ಟ್ಯೂಬಿನ ಬಾಯಿಗೇ ವರ್ನಿಯರ್ ಇಟ್ಟಿದ್ದು. ವರ್ಷಗಟ್ಟಲೆ ಕ್ಲ್ಯಾಂಪ್ ಹಿಂಡಿ ಆ ಬಾಯಿ ಮೊಟ್ಟೆ ಆಕಾರಕ್ಕೆ ಬಂದಿತ್ತು. ಒಂದು ಕಡೆ 25, ಅಡ್ಡ ಹಿಡಿದ್ರೆ 25.7! ಟ್ಯೂಬಿನ ಹೊರಗಿನ ಅಳತೆ ನಂಬೋ ಹಾಗೂ ಇಲ್ಲ, ಗೋಡೆ ಎಷ್ಟು ದಪ್ಪ ಅಂತ ಅದು ಹೇಳಲ್ಲ. ಕೊನೆಗೆ ವಿಟ್‌ವರ್ತ್ ದಾರಿ ಹಿಡಿದ್ವಿ. ಬಾಯಿಯನ್ನು ಮೆಲ್ಲಗೆ ದುಂಡಗೆ ಮಾಡಿ, ಒಳಗಿನ ತುಕ್ಕು ತೆಗೆದು, ಲೇತ್‌ನಲ್ಲಿ 25.2, 25.4, 25.6 ಮಿ.ಮೀ.ನ ಮೂರು ಪ್ಲಗ್ ತಿರುಗಿಸಿದ್ವಿ. ಮೊದಲನೆಯದು ಅಲ್ಲಾಡಿತು. ಕೊನೆಯದು ಒಳಗೇ ಹೋಗಲಿಲ್ಲ. ಮಧ್ಯದ್ದು ಗ್ರೀಸ್ ಹಚ್ಚಿದಾಗ ಕೈ ಒತ್ತಡಕ್ಕೆ ಮೆಲ್ಲಗೆ ಇಳಿಯಿತು. 25.4 ಅಂದ್ರೆ ಸರಿಯಾಗಿ ಒಂದು ಇಂಚು!

ಬಿಗಿ ಜಾಸ್ತಿಯಾದ್ರೂ ಕಷ್ಟವೇ. ಅದು ವಿಟ್‌ವರ್ತ್ ಅವರಿಗೂ ಅನುಭವಕ್ಕೆ ಬಂತು. 1850ರ ದಶಕದಲ್ಲಿ ಅವರು ಷಟ್ಕೋನ ನಳಿಗೆಯ ರೈಫಲ್ ಮಾಡಿದರು. ಗುರಿಯಲ್ಲಿ ಅದು ಸೈನ್ಯದ ಎನ್‌ಫೀಲ್ಡನ್ನು ಸೋಲಿಸಿತು. ಆದರೆ ಮದ್ದಿನ ಮಸಿ ಬೇಗ ಕಟ್ಟಿಕೊಳ್ಳುತ್ತಿತ್ತು, ಬೆಲೆಯೂ ಹೆಚ್ಚು. ಬ್ರಿಟಿಷ್ ಸೈನ್ಯ ತನ್ನ ಸಾಮಾನ್ಯ ಬಂದೂಕಾಗಿ ಅದನ್ನು ತೆಗೆದುಕೊಳ್ಳಲಿಲ್ಲ.

ದುಡ್ಡು ಮಾಡಿದ ಮೇಲೆ ಅವರು ನಮ್ಮಂಥವರನ್ನು ಮರೆಯಲಿಲ್ಲ. 1868ರಲ್ಲಿ ವರ್ಷಕ್ಕೆ 100 ಪೌಂಡ್‌ಗಳ 30 ಸ್ಕಾಲರ್‌ಶಿಪ್‌ಗಳಿಗೆ ಹಣ ಕೊಟ್ಟರು. ಅದಕ್ಕೆ ಥಿಯರಿ ಒಂದೇ ಸಾಲದು, ಕೈಕೆಲಸವೂ ಬರಬೇಕಿತ್ತು. ಮುಂದಿನ ವರ್ಷ ಅವರಿಗೆ ಬ್ಯಾರನೆಟ್ ಪದವಿ ಸಿಕ್ಕಿತು. 1887ರ ಜನವರಿ 22ರಂದು ಮಾಂಟೆ ಕಾರ್ಲೋದಲ್ಲಿ ತೀರಿಕೊಂಡರು. ಕೊನೆಗೆ ಅವರ ಆಸ್ತಿಯ ಬಹುಪಾಲು ಮ್ಯಾಂಚೆಸ್ಟರ್ ಜನರ ಉಪಯೋಗಕ್ಕೆ ಹೋಯಿತು.

ಹೋದ ವರ್ಷ ಲ್ಯಾಬ್‌ನಲ್ಲಿ ಪ್ಲಗ್ ಗೇಜ್ ಅಂದ್ರೆ ನಮಗೆ ಎರಡು ಮಾರ್ಕಿನ ಪ್ರಶ್ನೆ ಆಗಿತ್ತು. ಈಗ ಸೈಕಲ್ಲಿನ ಸೀಟು ಕೂರಿಸಿದ ಜಾಗದಲ್ಲೇ ನಿಲ್ಲುತ್ತೆ. ಆ ಮೂರು ಪ್ಲಗ್‌ಗಳನ್ನು ಶೆಡ್‌ನಲ್ಲೇ ದಾರಕ್ಕೆ ಕಟ್ಟಿ ನೇತು ಹಾಕಿದ್ದೀವಿ. ನಿಮ್ಮ ಹಳೇ ಸೈಕಲ್ ಸೀಟು ಜಾರ್ತಿದ್ರೆ ತಗಡು ಸುತ್ತೋ ಮುಂಚೆ ಒಮ್ಮೆ ಬನ್ನಿ.