ಕೆಳದಿಯ ಚೆನ್ನಮ್ಮಾಜಿಯ ತಾಯ್ತನ

ಮಲೆನಾಡಿನ ಕೆಳದಿ ಸಂಸ್ಥಾನವನ್ನಾಳಿದ ಶಿವಭಕ್ತೆ ಚೆನ್ನಮ್ಮಾಜಿಯ ಶೌರ್ಯವನ್ನು ಕನ್ನಡಿಗರೆಲ್ಲರೂ ಕೊಂಡಾಡುವರು. ಆಕೆ ಹೊತ್ತ ತಾಯ್ತನದ ಭಾರವನ್ನು ನೆನೆಯುವವರು ವಿರಳ.

ಪತಿ ಸೋಮಶೇಖರನಾಯಕನು ಕ್ರಿ.ಶ. ೧೬೭೧ರಲ್ಲಿ ಕೊಲೆಗೀಡಾದನು. ರಾಣಿಗೆ ಸಂತಾನವಿರಲಿಲ್ಲ. ಅರಸನಿಲ್ಲದ ನಾಡೆಂದು ಬಗೆದು ಬಿಜಾಪುರದ ಸೈನ್ಯವು ಬಿದನೂರಿನ ಮೇಲೆ ಎರಗಿತು. ಚೆನ್ನಮ್ಮಾಜಿಯು ಭುವನಗಿರಿ ದುರ್ಗವನ್ನು ಸೇರಿ, ನಂಬುಗೆಯವರನ್ನು ಒಗ್ಗೂಡಿಸಿ, ರಾಜ್ಯವನ್ನು ಉಳಿಸಿಕೊಂಡಳು. ಬಳಿಕ ಬಸಪ್ಪನೆಂಬ ಬಾಲಕನನ್ನು ದತ್ತು ಸ್ವೀಕರಿಸಿದಳು.

ತಾಯಿಯ ದುಡಿಮೆಯಲ್ಲಿ ಕಣ್ಣಿಗೆ ಕಾಣುವುದು ಸ್ವಲ್ಪ; ಕಾಣದಿರುವುದೇ ಬಹಳ. ಮಗುವಿನ ಊಟ, ಆರೋಗ್ಯ, ವಿದ್ಯೆ, ಸಹವಾಸ, ನಾಳೆಯ ಬದುಕು ಇವೆಲ್ಲವನ್ನೂ ಆಕೆಯ ಮನಸ್ಸು ಹಗಲಿರುಳೂ ಹೊತ್ತಿರುವುದು. ಚೆನ್ನಮ್ಮಾಜಿಗೆ ಇದರೊಡನೆ ಕೋಟೆ, ಬೊಕ್ಕಸ, ಗಡಿಗಳ ಚಿಂತೆಯೂ ಕೂಡಿತ್ತು. ಇಂತಹ ಸ್ಥಿತಿಯಲ್ಲಿ ತಾಯಿಯ ಮಮತೆಯು ಭಯವಾಗಿ ಮಾರ್ಪಡುವುದು ಸುಲಭ.

೧೬೮೯ರಲ್ಲಿ ಆ ಮಮತೆಗೆ ಕಠಿಣ ಪರೀಕ್ಷೆ ಒದಗಿತು. ಶಿವಾಜಿಯ ಪುತ್ರನೂ ಹತ್ತೊಂಬತ್ತರ ಹರೆಯದವನೂ ಆದ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವ ಹಾದಿಯಲ್ಲಿ ಆಶ್ರಯ ಬೇಡಿದನು. ಆಶ್ರಯವಿತ್ತರೆ ಔರಂಗಜೇಬನ ಕೋಪವು ತನ್ನ ಮಗನಿಗೆ ಸಲ್ಲಬೇಕಾದ ರಾಜ್ಯದ ಮೇಲೆಯೇ ಬೀಳುವುದು; ನಿರಾಕರಿಸಿದರೆ ಶರಣಾಗತನನ್ನು ಕೈಬಿಟ್ಟಂತಾಗುವುದು. ರಾಣಿಯು ಆತನನ್ನು ಕಾಪಾಡಿ ಮುಂದಕ್ಕೆ ಕಳುಹಿಸಿದಳು. ಬೆನ್ನಟ್ಟಿ ಬಂದ ಮೊಗಲ ಸೇನೆಯನ್ನು ಕೆಳದಿಯ ಪಡೆಯು ಎದುರಿಸಿತು, ಕಡೆಗೆ ಸಂಧಿಯಾಯಿತು. ತನ್ನ ಮಗನಿಗಾಗಿ ಪರರ ಮಗನನ್ನು ಬಲಿಗೊಡದ ತಾಯಿ ಆಕೆ.

ಸುಮಾರು ೨೫ ವರ್ಷ ಆಳಿ ಆಕೆ ಲಿಂಗೈಕ್ಯಳಾದ ಮೇಲೆ ಬಸಪ್ಪನಾಯಕನು ಪಟ್ಟವೇರಿ ೧೭೧೪ರವರೆಗೆ ರಾಜ್ಯವಾಳಿದನು. ೧೭೦೯ರಲ್ಲಿ ಆತನಿಂದ ರಚಿತವಾದ 'ಶಿವತತ್ತ್ವರತ್ನಾಕರ'ವು ರಾಜನೀತಿ, ಸಂಗೀತ, ವೈದ್ಯ, ಪಾಕಶಾಸ್ತ್ರಾದಿ ವಿಷಯಗಳನ್ನು ಒಳಗೊಂಡ ೧೦೮ ತರಂಗಗಳ ಸಂಸ್ಕೃತ ಮಹಾಗ್ರಂಥ. ಅದು ಮಗನ ಪ್ರಶ್ನೆಗಳಿಗೆ ತಂದೆಯು ಉತ್ತರಿಸುವ ರೂಪದಲ್ಲಿದೆ. ಆ ಮಗನ ಹೆಸರು ಸೋಮಶೇಖರ. ಚೆನ್ನಮ್ಮಾಜಿಯ ಪತಿಯ ಹೆಸರೇ. ದತ್ತು ಬಂದ ಬಾಲಕನು ವಿದ್ಯಾವಂತನಾಗಿ, ತನ್ನ ಮಗನಿಗೆ ತಾಳ್ಮೆಯಿಂದ ತಿಳಿಹೇಳುವ ತಂದೆಯಾದನೆಂಬುದು ಆ ತಾಯಿಯ ಪಾಲನೆಗೆ ಸಂದ ಫಲ.

ತಾಯ್ತನವೂ ಕಾಯಕವೇ. ಕೂಸು ಶಿವನು ಒಪ್ಪಿಸಿದ ನಿಕ್ಷೇಪವೆಂದು ತಿಳಿದ ತಾಯಿಗೆ ಅರ್ಧ ಭಾರ ಇಳಿಯುವುದು. ಉಳಿದರ್ಧವನ್ನು ಇಳಿಸಬೇಕಾದವರು ಮನೆಯವರು. ಚೆನ್ನಮ್ಮಾಜಿಯಾದರೂ ದುರ್ಗವನ್ನು ಒಬ್ಬಳೇ ಕಾಯಲಿಲ್ಲ. ಮನೆಯ ಚಿಂತೆಯನ್ನೆಲ್ಲ ಗೃಹಿಣಿಯೊಬ್ಬಳ ತಲೆಗೆ ಕಟ್ಟಿ ತಾವು ಪೂಜೆಗೆ ಕುಳಿತ ಗೃಹಸ್ಥರು, ತಮ್ಮ ದಾಸೋಹವು ಮನೆಯೊಳಗೇ ಬಾಕಿ ಉಳಿದಿದೆಯೆಂಬುದನ್ನು ಅರಿಯಬೇಕು.